ಮನೆ-ಜಾಗ ಕೊಳ್ಳುವಾಗ ವಕೀಲರು ಯಾರ ಪರ? ಕೊಡಗಿನ ಓದುಗರ ಪ್ರಶ್ನೆಗಳಿಗೆ ಉತ್ತರ

ಮನೆ, ಜಾಗದ ಕ್ರಯಕ್ಕೆ ವಕೀಲರನ್ನು ಆರಿಸಿಕೊಳ್ಳುವ ಬಗೆ ಮತ್ತು ಅವರಿಂದ ಯಾವ ಕೆಲಸವನ್ನು ನಿರೀಕ್ಷಿಸಬೇಕೆಂಬ ವಿಷಯವಾಗಿ ಕೊಡಗಿನಿಂದ ಬಂದ ಪತ್ರಗಳನ್ನು ಈ ಬಾರಿಯ ಅಂಕಣಕ್ಕೆ ತೆಗೆದುಕೊಂಡಿದ್ದೇವೆ. ಪತ್ರ ಬರೆದವರ ಹೆಸರುಗಳನ್ನು ಕೈಬಿಟ್ಟು ಊರನ್ನು ಮಾತ್ರ ಉಳಿಸಿಕೊಂಡಿದ್ದೇವೆ.

ಪ್ರಶ್ನೆ: ನಿವೃತ್ತಿಯ ನಂತರ ಊರಿನ ಕಡೆಯೇ ಇರೋಣವೆಂದು ನಾಪೋಕ್ಲು ಸಮೀಪ ಹಳೆಯ ಹೆಂಚಿನ ಮನೆಯಿರುವ ಮೂವತ್ತು ಸೆಂಟು ಜಾಗವನ್ನು ನೋಡಿದ್ದೇವೆ. ಪಹಣಿಯಲ್ಲಿ ಜಮ್ಮಾ ಬಾಣೆ (ವಂಶಪಾರಂಪರ್ಯ ಹಿಡುವಳಿಗೆ ಸೇರಿದ ಬಾಣೆ ಜಾಗ) ಎಂದಿದೆ. ಹೆಸರು ತೀರಿಹೋದ ಪಟ್ಟೇದಾರರದ್ದು (ಕುಟುಂಬದ ಪರವಾಗಿ ಹಿಡುವಳಿ ಹೆಸರಿನಲ್ಲಿದ್ದ ಹಿರಿಯರು), ಅದರ ಕೆಳಗೆ ಇನ್ನೂ ಕೆಲವರದ್ದು. ಬಾಯಿಮಾತಿನ ಪಾಲಿನಲ್ಲಿ ಇದು ತಮಗೆ ಬಂದಿದೆ ಎಂದು ಮಾರುವವರು ಹೇಳುತ್ತಾರೆ. ಎರಡೂ ಕಡೆಯ ಕೆಲಸವನ್ನು ಒಬ್ಬರೇ ವಕೀಲರು ಮಾಡಿಕೊಡುತ್ತಾರೆ ಎಂದು ಬ್ರೋಕರ್ ಭರವಸೆ ಕೊಡುತ್ತಿದ್ದಾರೆ. ಪತ್ರ ಬರಹಗಾರರೇ ಸಾಕು, ವಕೀಲರ ಖರ್ಚು ಯಾಕೆ ಎನ್ನುವುದು ನಮ್ಮ ಭಾವನವರ ಅಭಿಪ್ರಾಯ. ಈ ವಾರವೇ ಎರಡು ಲಕ್ಷ ಮುಂಗಡ ಕೇಳುತ್ತಿದ್ದಾರೆ. ಏನು ಮಾಡಬೇಕು?
— ಓದುಗರು, ಮಡಿಕೇರಿ ತಾಲ್ಲೂಕು

ಉತ್ತರ: ಮುಂಗಡವನ್ನು ಸದ್ಯಕ್ಕೆ ಕೊಡಬೇಡಿ. ವಕೀಲರನ್ನು ಗೊತ್ತು ಮಾಡಿಕೊಳ್ಳಬೇಕಾದದ್ದು ಮುಂಗಡ ಕೊಡುವ ಮೊದಲೇ ಹೊರತು ನೋಂದಣಿಯ ದಿನ ನಿಗದಿಯಾದ ಮೇಲಲ್ಲ. ಹಣ ಕೈಬಿಟ್ಟು ಹೋದ ಮೇಲೆ ದಾಖಲೆಯಲ್ಲಿ ಏನಾದರೂ ದೋಷ ಕಂಡರೆ ನೀವು ಮಾರುವವರ ದಾಕ್ಷಿಣ್ಯಕ್ಕೆ ಸಿಕ್ಕಿಬೀಳುತ್ತೀರಿ. ಮೊದಲೇ ಕಂಡರೆ ನಮಸ್ಕಾರ ಹೇಳಿ ಎದ್ದು ಬರಬಹುದು. ಈ ವಾರವೇ ಆಗಬೇಕೆಂಬ ಅವಸರವು ಸಾಮಾನ್ಯವಾಗಿ ಮಾರುವವರದ್ದೂ ಅಲ್ಲ, ನಡುವೆ ಇರುವವರದ್ದು.

ಭಾವನವರ ಮಾತಿಗೆ ಬರುವುದಾದರೆ, ಪರವಾನಗಿ ಪಡೆದ ಪತ್ರ ಬರಹಗಾರರು ನೀವೂ ಮಾರುವವರೂ ಹೇಳಿದ್ದನ್ನು ದಸ್ತಾವೇಜಿನ ರೂಪಕ್ಕೆ ತರುವವರು. ಅವರಲ್ಲಿ ಅನುಭವಿಗಳಿದ್ದಾರೆ, ಹಲವು ವಕೀಲರಿಗಿಂತ ಅಚ್ಚುಕಟ್ಟಾಗಿ ಚಕ್ಕುಬಂದಿ ಬರೆಯುವವರೂ ಇದ್ದಾರೆ. ಆದರೆ ಮಾರುವವರಿಗೆ ನಿಜಕ್ಕೂ ಹಕ್ಕಿದೆಯೇ ಎಂದು ಹಿಂದಕ್ಕೆ ಹೋಗಿ ಶೋಧಿಸುವ ಹೊಣೆ ಅವರದ್ದಲ್ಲ. ಉಪನೋಂದಣಾಧಿಕಾರಿಯವರದ್ದೂ ಅಲ್ಲ. ಮಾರುವವರ ಹಕ್ಕನ್ನು ವಿಚಾರಿಸುವ ಅಧಿಕಾರ 1908ರ ನೋಂದಣಿ ಕಾಯ್ದೆಯಲ್ಲಿ ನೋಂದಣಾಧಿಕಾರಿಗೆ ಇಲ್ಲವೆಂದು ತಮಿಳುನಾಡಿನ ಪ್ರಕರಣವೊಂದರಲ್ಲಿ ಸುಪ್ರೀಂ ಕೋರ್ಟ್ 2025ರ ಏಪ್ರಿಲ್‌ನಲ್ಲಿ ಹೇಳಿದೆ. ಆದ್ದರಿಂದ ‘ರಿಜಿಸ್ಟರ್ ಆಯಿತಲ್ಲ, ಇನ್ನೇನು ಭಯ’ ಎಂಬ ಮಾತಿಗೆ ಆಧಾರವಿಲ್ಲ. ಕೊಡುವವರ ಹತ್ತಿರ ಇಲ್ಲದ ಹಕ್ಕು ಪಡೆಯುವವರಿಗೆ ಬರುವುದಿಲ್ಲ.

ಇನ್ನು ಎರಡೂ ಕಡೆಗೆ ಒಬ್ಬರೇ ವಕೀಲರು ಎಂಬ ಏರ್ಪಾಡು. ಒಂದು ವಿಷಯದಲ್ಲಿ ಒಬ್ಬರಿಗೆ ಸಲಹೆ ಕೊಟ್ಟ ವಕೀಲರು ಅದೇ ವಿಷಯದಲ್ಲಿ ಎದುರು ಪಕ್ಷದ ಪರವಾಗಿ ನಿಲ್ಲಬಾರದೆಂದು ಭಾರತೀಯ ವಕೀಲರ ಪರಿಷತ್ತಿನ ನಿಯಮಗಳು ಹೇಳುತ್ತವೆ. ಹಳ್ಳಿಯ ಮಟ್ಟದಲ್ಲಿ ಕ್ರಯವನ್ನು ಯಾರೂ ವ್ಯಾಜ್ಯವೆಂದು ಕಾಣುವುದಿಲ್ಲವಾದ್ದರಿಂದ ಈ ನಿಯಮವನ್ನು ಹಗುರವಾಗಿ ನೋಡುವ ರೂಢಿ ಬೆಳೆದಿದೆ. ನಿಮ್ಮ ಪ್ರಕರಣದಲ್ಲಂತೂ ಅದು ಸಲ್ಲದು, ಏಕೆಂದರೆ ಇಲ್ಲಿ ಇರುವ ಮುಖ್ಯ ಪ್ರಶ್ನೆಯೇ ಮಾರುವವರ ಹಕ್ಕು. ಅವರ ಹಕ್ಕನ್ನು ಅನುಮಾನದಿಂದ ನೋಡಬೇಕಾದ ವಕೀಲರಿಗೆ ಅವರಿಂದಲೇ ಶುಲ್ಕ ಬರುವಂತಿರಬಾರದು. ಬ್ರೋಕರ್ ಹೇಳಿದ ವಕೀಲರು ಸಜ್ಜನರೇ ಇರಬಹುದು. ಆದರೂ ನಾಳೆ ಇನ್ನೊಂದು ಕೆಲಸ ಅವರಿಗೆ ಬರಬೇಕಾದದ್ದು ಬ್ರೋಕರ್ ಕಡೆಯಿಂದಲೇ, ನಿಮ್ಮಿಂದಲ್ಲ.

ಹಾಗಾದರೆ ಎಂಥ ವಕೀಲರು ಬೇಕು? ಮೈಸೂರು, ಬೆಂಗಳೂರಿನ ಹೆಸರಾಂತ ಆಸ್ತಿ ವಕೀಲರಿಗಿಂತ ಕೊಡಗಿನ ಕಂದಾಯ ದಾಖಲೆಗಳನ್ನು ಓದಿ ಪಳಗಿದವರು ನಿಮಗೆ ಹೆಚ್ಚು ಪ್ರಯೋಜನಕ್ಕೆ ಬರುತ್ತಾರೆ. ಇದು ಊರಿನ ಅಭಿಮಾನದ ಮಾತಲ್ಲ. 1964ರ ಕರ್ನಾಟಕ ಭೂಕಂದಾಯ ಕಾಯ್ದೆ ಬರುವ ಮೊದಲು ಇಲ್ಲಿ ನಡೆಯುತ್ತಿದ್ದುದು 1899ರ ಕೊಡಗು ಭೂಮಿ ಮತ್ತು ಕಂದಾಯ ರೆಗ್ಯುಲೇಷನ್. ಜಮ್ಮಾ, ಸಾಗು, ಉಂಬಳಿ, ಬಾಣೆ, ಪೈಸಾರಿ (ಸರ್ಕಾರಿ ಜಾಗ) ಎಂಬ ಭೂಮಿಯ ವಿಂಗಡಣೆಗಳೆಲ್ಲ ಆ ಕಾಲದಿಂದ ಇಂದಿನ ಪಹಣಿಗೆ ಇಳಿದು ಬಂದಿವೆ. ಬಾಣೆ ಎಂಬುದು ಮೂಲದಲ್ಲಿ ಗದ್ದೆಯ ಹಿಡುವಳಿಗೆ ಸೇರಿಕೊಂಡಂತೆ ಸೊಪ್ಪು, ಸೌದೆ, ದನದ ಮೇವಿಗೆಂದು ಕಂದಾಯವಿಲ್ಲದೆ ಬಿಟ್ಟುಕೊಟ್ಟ ಜಾಗ. ಅದರಲ್ಲಿ ಕಾಫಿ ಬಂತು, ಮನೆ ಬಂತು, ಹಿಡುವಳಿದಾರರ ಹಕ್ಕಿನ ಪ್ರಶ್ನೆ ಹೈಕೋರ್ಟಿನ ಪೂರ್ಣಪೀಠದವರೆಗೂ ಹೋಯಿತು, ಕಾಯ್ದೆಗೂ ತಿದ್ದುಪಡಿಯಾಯಿತು. ಬಾಣೆ ಯಾವ ಗದ್ದೆಗೆ ಸೇರಿದ್ದು, ಮರದ ಮಾಲ್ಕಿ (ಮರಗಳ ಬೆಲೆ) ಸರ್ಕಾರಕ್ಕೆ ಕಟ್ಟಿ ಬಿಡಿಸಿಕೊಂಡ ರಿಡೀಮ್ಡ್ ಜಾಗವೇ, ಇಲ್ಲವಾದರೆ ಮೇಲೆ ನಿಂತ ಮರಗಳು ಯಾರದ್ದು ಎಂದು ಕೇಳಲು ತೋಚದ ವಕೀಲರು ಎಷ್ಟೇ ದೊಡ್ಡವರಾದರೂ ಈ ಕೆಲಸಕ್ಕೆ ಬೇಡ.

ಮೊದಲ ಭೇಟಿಗೆ ಪಹಣಿಯ ಪ್ರತಿಯೊಂದನ್ನು ಹಿಡಿದುಕೊಂಡು ಹೋಗಿ ಮೇಜಿನ ಮೇಲಿಟ್ಟು ಸುಮ್ಮನೆ ಗಮನಿಸಿ. ಕೆಲಸ ಬಲ್ಲವರ ಕಣ್ಣು ನೇರವಾಗಿ ಒಂಬತ್ತನೇ ಕಾಲಂಗೆ ಹೋಗುತ್ತದೆ: ಅಲ್ಲಿ ಒಬ್ಬರ ಕೆಳಗೆ ಒಬ್ಬರಂತೆ ಹೆಸರುಗಳಿದ್ದು, ವಿಸ್ತೀರ್ಣ ಮಾತ್ರ ಎಲ್ಲರಿಗೂ ಸೇರಿ ಒಂದೇ ಇದ್ದರೆ ಪಾಲು ದಾಖಲೆಗೆ ಬಂದಿಲ್ಲವೆಂದೇ ಅರ್ಥ. ಅಲ್ಲಿಂದ ಹನ್ನೊಂದನೇ ಕಾಲಂಗೆ ಬಂದು ಸಹಕಾರ ಸಂಘದ ಸಾಲವೋ ನ್ಯಾಯಾಲಯದ ತಡೆಯಾಜ್ಞೆಯೋ ಇದೆಯೇ ಎಂದು ನೋಡುತ್ತಾರೆ. ಬಳಿಕ ವಂಶವೃಕ್ಷ ಕೇಳುತ್ತಾರೆ, ಮ್ಯುಟೇಶನ್ (ಹಕ್ಕು ಬದಲಾವಣೆಯ) ಪ್ರತಿಗಳನ್ನು ಕೇಳುತ್ತಾರೆ, ಮದುವೆಯಾಗಿ ಹೋದ ಹೆಣ್ಣುಮಕ್ಕಳು ಎಷ್ಟು ಮಂದಿ ಎಂದು ಕೇಳುತ್ತಾರೆ. ಇದಾವುದನ್ನೂ ಕೇಳದೆ ‘ಆಧಾರ್ ಕಾರ್ಡ್ ತಂದಿದ್ದೀರಾ’ ಎಂದು ಶುರುಮಾಡಿದರೆ ಇನ್ನೊಬ್ಬರನ್ನು ನೋಡುವುದು ಒಳ್ಳೆಯದು.

ಬಾಯಿಮಾತಿನ ಪಾಲಿನ ಬಗ್ಗೆ ಸ್ವಲ್ಪ ವಿವರವಾಗಿ ಹೇಳಬೇಕು. ಒಕ್ಕದೊಳಗೆ (ಒಂದೇ ಮನೆತನದ ಕೂಡುಕುಟುಂಬದಲ್ಲಿ) ಹಿರಿಯರ ಎದುರು ಆದ ಪಾಲನ್ನು ತಲೆಮಾರುಗಳವರೆಗೆ ಯಾರೂ ಮುರಿಯದೆ ನಡೆಸಿಕೊಂಡು ಬಂದ ಉದಾಹರಣೆಗಳು ನಮ್ಮಲ್ಲಿ ಬೇಕಾದಷ್ಟಿವೆ. ಆದರೆ ಹಿಂದೂ ಉತ್ತರಾಧಿಕಾರ ಕಾಯ್ದೆಗೆ 2005ರಲ್ಲಿ ಬಂದ ತಿದ್ದುಪಡಿಯು ಹೆಣ್ಣುಮಕ್ಕಳಿಗೆ ಹುಟ್ಟಿನಿಂದಲೇ ಸಮಪಾಲು ಕೊಟ್ಟಿದೆ. ಆ ತಿದ್ದುಪಡಿಯ ಅರ್ಥವನ್ನು ಇತ್ಯರ್ಥಪಡಿಸಿದ 2020ರ ವಿನೀತಾ ಶರ್ಮಾ ತೀರ್ಪಿನಲ್ಲಿ ಸುಪ್ರೀಂ ಕೋರ್ಟ್, ಬಾಯಿಮಾತಿನ ಪಾಲನ್ನು ಸಾರ್ವಜನಿಕ ದಾಖಲೆಗಳ ಬೆಂಬಲವಿರುವ ಅಪರೂಪದ ಸಂದರ್ಭಗಳಲ್ಲಿ ಮಾತ್ರ ಒಪ್ಪಬಹುದೆಂದು ಹೇಳಿದೆ. ಮನೆಯ ವಿಷಯದಲ್ಲಿ ಇನ್ನೊಂದು ತೊಡಕಿದೆ. ಪಾಲಾಗದ ಕುಟುಂಬದ ವಾಸದ ಮನೆಯಲ್ಲಿ ಒಬ್ಬರ ಭಾಗವನ್ನು ಹೊರಗಿನವರು ಕೊಂಡರೆ ಆ ಮನೆಯಲ್ಲಿ ಜಂಟಿಯಾಗಿ ವಾಸಿಸುವ ಹಕ್ಕು ಅವರಿಗೆ ಸಿಗುವುದಿಲ್ಲವೆಂದು 1882ರ ಸ್ವತ್ತು ವರ್ಗಾವಣೆ ಕಾಯ್ದೆಯ 44ನೇ ಕಲಂ ಹೇಳುತ್ತದೆ. ಅಂದರೆ ನೀವು ಪೂರ್ತಿ ಹಣ ಕೊಟ್ಟು, ನೋಂದಣಿ ಮಾಡಿಸಿಕೊಂಡು, ಬೀಗದ ಕೈಗಾಗಿ ಪಾಲಿನ ದಾವೆ ಹೂಡಬೇಕಾದ ಸ್ಥಿತಿ ಬರಬಹುದು.

ನಿಮ್ಮ ವಕೀಲರು ಕೇಳಬೇಕಾದದ್ದು ಎರಡರಲ್ಲೊಂದು: ಎಲ್ಲ ಹಕ್ಕುದಾರರೂ ಸೇರಿ ನೋಂದಾಯಿತ ಪಾಲುಪಟ್ಟಿ ಮಾಡಿಕೊಂಡು, ಪೋಡಿಯಾಗಿ (ಪಾಲಿನಂತೆ ಅಳತೆ ಮಾಡಿ ಬೇರ್ಪಡಿಸಿ), ಮಾರುವವರ ಹೆಸರಿಗೆ ಪ್ರತ್ಯೇಕ ಪಹಣಿ ಬಂದ ಮೇಲೆ ಕ್ರಯ, ಇಲ್ಲವೇ ಗಂಡು-ಹೆಣ್ಣೆನ್ನದೆ ಎಲ್ಲ ಹಕ್ಕುದಾರರೂ ಕ್ರಯಪತ್ರಕ್ಕೆ ಸಹಿ ಹಾಕುವುದು. ಸರ್ವೆ ನಂಬರಿನ ಒಂದು ಭಾಗವನ್ನಷ್ಟೇ ಮಾರುವುದಾದರೆ ಆ ಭಾಗವನ್ನು ಅಳೆದು ತೋರಿಸುವ 11ಇ ನಕ್ಷೆ ಹೇಗೂ ಬೇಕು. ವಿದೇಶದಲ್ಲಿರುವ ಹಕ್ಕುದಾರರು ಅಲ್ಲಿನ ಭಾರತೀಯ ರಾಯಭಾರ ಕಚೇರಿಯಲ್ಲಿ ದೃಢೀಕರಿಸಿದ ಅಧಿಕಾರಪತ್ರವನ್ನು ಕಳಿಸಬಹುದು. ಇದಕ್ಕೆ ತಿಂಗಳುಗಟ್ಟಲೆ ಹಿಡಿಯಬಹುದು, ಮಳೆಗಾಲದಲ್ಲಿ ಸರ್ವೆಯವರು ಬರುವುದೂ ತಡವಾಗುತ್ತದೆ. ಅಷ್ಟು ಕಾಯಲು ಮಾರುವವರಿಗೆ ಮನಸ್ಸಿಲ್ಲವೆಂದರೆ ಆ ಜಾಗ ನಿಮಗಲ್ಲ.

ಪ್ರಶ್ನೆ: ಕುಶಾಲನಗರದ ಬಡಾವಣೆಯೊಂದರಲ್ಲಿ ನಿವೇಶನ ಕೊಳ್ಳುತ್ತಿದ್ದೇವೆ. ಬ್ಯಾಂಕಿನ ಪ್ಯಾನೆಲ್ ವಕೀಲರು ದಾಖಲೆ ನೋಡಿ ಸರಿಯಿದೆ ಎಂದಿದ್ದಾರೆ, ಅವರ ಶುಲ್ಕವನ್ನು ನಾವೇ ಕಟ್ಟಿದ್ದೇವೆ. ಇನ್ನೊಬ್ಬ ವಕೀಲರು ಬೇಕೇ?
— ಓದುಗರು, ಕುಶಾಲನಗರ

ಉತ್ತರ: ಶುಲ್ಕ ನಿಮ್ಮದಾದರೂ ಅಭಿಪ್ರಾಯ ನಿಮಗೆ ಬರೆದದ್ದಲ್ಲ. ಆ ಪತ್ರದ ಮೇಲ್ತುದಿಯನ್ನು ನೋಡಿದರೆ ಬ್ಯಾಂಕಿನ ಶಾಖಾ ವ್ಯವಸ್ಥಾಪಕರಿಗೆ ಎಂದಿರುತ್ತದೆ. ಬ್ಯಾಂಕಿಗೆ ಬೇಕಾದದ್ದು ತಾನು ಕೊಟ್ಟ ಸಾಲಕ್ಕೆ ಸಾಕಾಗುವಷ್ಟು ಭದ್ರತೆ, ಅದರ ಜೊತೆಗೆ ನಿಮ್ಮ ಸಂಬಳದ ಮೇಲೂ ಜಾಮೀನುದಾರರ ಮೇಲೂ ಅದಕ್ಕೆ ಹಿಡಿತವಿದೆ. ನಿಮ್ಮ ಕೈಯಿಂದ ಹಾಕಿದ ಹಣಕ್ಕೆ, ಮುಂದೆ ಮನೆ ಕಟ್ಟಲು ಪರವಾನಗಿ ಸಿಗುತ್ತದೆಯೇ ಎಂಬ ಪ್ರಶ್ನೆಗೆ ಅಲ್ಲಿ ಉತ್ತರವಿಲ್ಲದಿರಬಹುದು.

ಆದರೂ ಎಲ್ಲರಿಗೂ ಎರಡನೇ ವಕೀಲರು ಬೇಕೆಂದು ನಾನು ಹೇಳುವುದಿಲ್ಲ. ಮೊದಲು ಬ್ಯಾಂಕಿನಿಂದ ಆ ಅಭಿಪ್ರಾಯದ ಪ್ರತಿಯನ್ನು ಕೇಳಿ ಪಡೆದು ಓದಿ. ಭೂಪರಿವರ್ತನೆಯ ಆದೇಶ, ಸಂಬಂಧಪಟ್ಟ ಪ್ರಾಧಿಕಾರ ಅನುಮೋದಿಸಿದ ಬಡಾವಣೆ ನಕ್ಷೆ ಮತ್ತು ನಿಮ್ಮ ನಿವೇಶನದ ಸಂಖ್ಯೆ ಅದರಲ್ಲಿರುವುದು, ಇ-ಖಾತೆ — ಈ ಮೂರರ ಉಲ್ಲೇಖವಿದ್ದರೆ ಅರ್ಧ ದಾರಿ ಸವೆದಂತೆ. ಬಡಾವಣೆಯ ಜಾಗ 500 ಚದರ ಮೀಟರಿಗಿಂತ ಹೆಚ್ಚಿದ್ದರೆ ಅಥವಾ ನಿವೇಶನಗಳು ಎಂಟಕ್ಕಿಂತ ಹೆಚ್ಚಿದ್ದರೆ ರೇರಾ (ರಿಯಲ್ ಎಸ್ಟೇಟ್ ನಿಯಂತ್ರಣ ಪ್ರಾಧಿಕಾರ) ನೋಂದಣಿಯೂ ಬೇಕಾಗುತ್ತದೆ, ಅದನ್ನು ರೇರಾ ಜಾಲತಾಣದಲ್ಲಿ ನೀವೇ ನೋಡಬಹುದು. ಗ್ರಾಮ ಪಂಚಾಯಿತಿ ವ್ಯಾಪ್ತಿಯಾಗಿದ್ದರೆ ಪಂಚಾಯಿತಿಯ ಸ್ವತ್ತಿನ ದಾಖಲೆಗಳಾದ ನಮೂನೆ 9 ಮತ್ತು 11ಎ ಇರಬೇಕು. ಅದರ ಬದಲು 11ಬಿ (ಅನುಮೋದನೆಯಾಗದ ಸ್ವತ್ತಿಗೆ ಕೊಡುವುದು) ಕೈಗೆ ಕೊಟ್ಟರೆ ಅಲ್ಲಿಗೆ ನಿಂತು ನಿಮ್ಮದೇ ವಕೀಲರನ್ನು ಕಾಣಿ.

ಋಣಭಾರ ಪತ್ರವನ್ನೂ ಒಮ್ಮೆ ತೆಗೆದುನೋಡಿ. ನೋಂದಣಿ ಇಲಾಖೆಯ ಕಾವೇರಿ ತಂತ್ರಾಂಶದಲ್ಲಿ 2004ರ ಏಪ್ರಿಲ್‌ನಿಂದ ಈಚಿನದು ಸಿಗುತ್ತದೆ, ಅದಕ್ಕೂ ಹಿಂದಿನದನ್ನು ಕಚೇರಿಯ ಪುಸ್ತಕಗಳಿಂದ ತೆಗೆಸಬೇಕು. ನಮೂನೆ 15ರಲ್ಲಿ ವ್ಯವಹಾರಗಳ ಪಟ್ಟಿ ಇರುತ್ತದೆ, ನಮೂನೆ 16 ಬಂದರೆ ಆ ಅವಧಿಯಲ್ಲಿ ನೋಂದಣಿಯಾದ ವ್ಯವಹಾರವಿಲ್ಲವೆಂದು. ಬಡಾವಣೆ ಮಾಡಿದವರು ಮೂಲಪತ್ರಗಳನ್ನು ಎಲ್ಲಾದರೂ ಅಡವಿಟ್ಟು ಸಾಲ ಎತ್ತಿದ್ದರೆ ಅದು ಇದರಲ್ಲಿ ಕಾಣದೆಯೂ ಇರಬಹುದಾದ್ದರಿಂದ ನೆರಳಚ್ಚಿಗೆ ತೃಪ್ತರಾಗದೆ ಮೂಲಪತ್ರಗಳನ್ನೇ ಕಣ್ಣಾರೆ ನೋಡುವಂತೆ ವಕೀಲರಿಗೆ ಹೇಳಬೇಕು.

ಪ್ರಶ್ನೆ: ನಿವೇಶನವೊಂದನ್ನು ಜಿಪಿಎ (ಸಾಮಾನ್ಯ ಅಧಿಕಾರಪತ್ರ) ಮತ್ತು ಕರಾರಿನ ಮೇಲೆ ಕೊಡುತ್ತೇವೆ, ನೋಂದಣಿ ಆಮೇಲೆ ಎನ್ನುತ್ತಾರೆ. ಬೆಲೆ ಕಡಿಮೆ. ಆಗಬಹುದೇ?
— ಓದುಗರು, ಸಿದ್ದಾಪುರ

ಉತ್ತರ: ಆಗದು. ಜಿಪಿಎ, ಕರಾರು, ಮರಣಶಾಸನ ಇವುಗಳಿಂದ ಸ್ವತ್ತಿನ ಒಡೆತನ ವರ್ಗವಾಗುವುದಿಲ್ಲವೆಂದು ಸೂರಜ್ ಲ್ಯಾಂಪ್ ಪ್ರಕರಣದಲ್ಲಿ ಸುಪ್ರೀಂ ಕೋರ್ಟ್ 2011ರಲ್ಲೇ ಹೇಳಿದೆ. ‘ಆಮೇಲೆ’ ನೋಂದಣಿ ಮಾಡಲು ಈಗ ಏನು ಅಡ್ಡಿ ಎಂದು ಬರಹದಲ್ಲಿ ಕೇಳಿ. ಪೈಸಾರಿಯೋ, ಪರಭಾರೆ ನಿಷೇಧದ ಷರತ್ತಿರುವ ಮಂಜೂರಾತಿಯೋ, ಪರಿಶಿಷ್ಟ ಜಾತಿ-ಪಂಗಡದವರಿಗೆ ಮಂಜೂರಾಗಿ, ಅಂಥ ಭೂಮಿಯ ಪರಭಾರೆ ತಡೆಯುವ 1978ರ ಪಿಟಿಸಿಎಲ್ ಕಾಯ್ದೆಗೆ ಒಳಪಟ್ಟ ಭೂಮಿಯೋ ಆಗಿರುವ ಸಂಭವವೇ ಹೆಚ್ಚು. ಸರ್ಕಾರದ ಪೂರ್ವಾನುಮತಿ ಇಲ್ಲದೆ ಕೊಂಡ ಪಿಟಿಸಿಎಲ್ ಭೂಮಿ ಮೂಲ ಮಂಜೂರಾತಿದಾರರಿಗೆ ಹಿಂದಿರುಗುತ್ತದೆ, ಕೊಟ್ಟ ಹಣ ಹಿಂದಿರುಗುವುದಿಲ್ಲ.

ಪ್ರಶ್ನೆ: ವಕೀಲರ ಶುಲ್ಕ ಎಷ್ಟಿರಬೇಕು? ಒಬ್ಬರು ಕ್ರಯದ ಮೊತ್ತದ ಮೇಲೆ ಶೇಕಡಾವಾರು ಕೇಳುತ್ತಾರೆ, ಇನ್ನೊಬ್ಬರು ‘ಎಲ್ಲ ಖರ್ಚೂ ಸೇರಿ’ ಒಂದು ಮೊತ್ತ ಹೇಳುತ್ತಾರೆ.
— ಓದುಗರು, ಸೋಮವಾರಪೇಟೆ

ಉತ್ತರ: ಇಂಥ ಕೆಲಸಕ್ಕೆ ಸರ್ಕಾರ ನಿಗದಿಪಡಿಸಿದ ದರವಿಲ್ಲ, ಮಾತಾಡಿಕೊಳ್ಳುವುದೇ ದಾರಿ. ಆದರೆ ಮಾತಾಡುವ ಕ್ರಮವೊಂದಿದೆ. ದಾಖಲೆ ಪರಿಶೀಲಿಸಿ ಲಿಖಿತ ಅಭಿಪ್ರಾಯ ಕೊಡುವುದು ಒಂದು ಕೆಲಸ, ಕರಾರು ಬರೆಯುವುದು ಇನ್ನೊಂದು, ಕ್ರಯಪತ್ರದ ಕರಡು ಮತ್ತು ನೋಂದಣಿ ಮತ್ತೊಂದು, ಅದಾದ ಬಳಿಕ ಮ್ಯುಟೇಶನ್ ಮತ್ತು ಖಾತೆ ಬದಲಾವಣೆಯ ಬೆನ್ನು ಹತ್ತುವುದು ಬೇರೆಯೇ. ಪ್ರತಿಯೊಂದಕ್ಕೂ ಎಷ್ಟೆಂದು ಕೇಳಿ ಒಂದು ಹಾಳೆಯಲ್ಲಿ ಬರೆಸಿಕೊಳ್ಳಿ. ಕೊನೆಯದನ್ನು ಬಿಟ್ಟುಬಿಟ್ಟು ವರ್ಷಗಟ್ಟಲೆ ಹಳೆಯ ಹೆಸರಿನಲ್ಲೇ ಪಹಣಿ ಇಟ್ಟುಕೊಂಡವರು ಬಹಳ ಮಂದಿ.

ಶೇಕಡಾವಾರು ಶುಲ್ಕಕ್ಕಿಂತಲೂ ನನಗೆ ಹೆಚ್ಚು ಅಸಮಾಧಾನವಿರುವುದು ‘ಕ್ರಯವಾದರೆ ಮಾತ್ರ ಕೊಡಿ’ ಎಂಬ ಏರ್ಪಾಡಿನ ಮೇಲೆ. ಕೇಳಲು ಅದು ಉದಾರವಾಗಿ ಕಾಣುತ್ತದೆ, ಆದರೆ ನಿಮಗೆ ‘ಈ ಜಾಗ ಬೇಡ’ ಎಂದು ಹೇಳಿದ ದಿನ ಆ ವಕೀಲರಿಗೆ ಬಿಡಿಗಾಸೂ ಬಾರದು. ಬೇಡವೆನ್ನುವ ಸಲಹೆಗೂ ಪೂರ್ತಿ ಶುಲ್ಕ ಕೊಡಲು ಸಿದ್ಧರಿರಿ. ನೀವು ಕೊಳ್ಳುವ ಸಲಹೆಗಳಲ್ಲಿ ಅತ್ಯಂತ ಅಗ್ಗವಾದದ್ದು ಅದೇ.

‘ಎಲ್ಲ ಖರ್ಚೂ ಸೇರಿ’ ಎಂಬುದನ್ನು ಬಿಡಿಸಿ ಕೇಳಿ. ಸಾಮಾನ್ಯ ಕ್ರಯಕ್ಕೆ ಮುದ್ರಾಂಕ ಶುಲ್ಕ ಶೇ 5. ಅದರ ಮೇಲಿನ ಸೆಸ್ ಮತ್ತು ಸರ್ಚಾರ್ಜ್ ಸೇರಿ ನಗರದಲ್ಲಿ ಶೇ 5.6, ಗ್ರಾಮಾಂತರದಲ್ಲಿ ಶೇ 5.65 ಆಗುತ್ತದೆ. ನೋಂದಣಿ ಶುಲ್ಕವು 2025ರ ಆಗಸ್ಟ್ 31ರಿಂದ ಶೇ 1ರ ಬದಲು ಶೇ 2 ಆಗಿದೆ. ಗ್ರಾಮಾಂತರದ 40 ಲಕ್ಷದ ಸ್ವತ್ತಿಗೆ ಮೊದಲನೆಯದು 2,26,000 ರೂಪಾಯಿ, ಎರಡನೆಯದು 80,000 ರೂಪಾಯಿ. ನೀವು ಕೊಟ್ಟ ಬೆಲೆ ಅಥವಾ ಸರ್ಕಾರ ನಿಗದಿಪಡಿಸಿದ ಮಾರ್ಗಸೂಚಿ ಬೆಲೆ, ಯಾವುದು ಹೆಚ್ಚೋ ಅದರ ಮೇಲೆ ಈ ಲೆಕ್ಕ. ಇದನ್ನು ಕಾವೇರಿಯಲ್ಲಿ ನಿಮ್ಮ ಹೆಸರಿನಲ್ಲೇ ಕಟ್ಟಿ ರಸೀದಿ ಇಟ್ಟುಕೊಳ್ಳಬಹುದು. ಇವೆರಡನ್ನೂ ವಕೀಲರ ಶುಲ್ಕವನ್ನೂ ಕಳೆದ ಮೇಲೆ ಉಳಿಯುವ ‘ಆಫೀಸ್ ಖರ್ಚು’ ಎಂಬ ಮೊತ್ತಕ್ಕೆ ರಸೀದಿ ಕೇಳಿ ನೋಡಿ. ಕೇಳಿದ ಮಾತ್ರಕ್ಕೆ ಅದು ಸಾಕಷ್ಟು ಸಣ್ಣದಾಗುವುದುಂಟು.

ಮಾರುವವರಿಗೆ ಕೊಡುವ ಹಣದಲ್ಲಿ 20,000 ರೂಪಾಯಿ ಅಥವಾ ಅದಕ್ಕೂ ಮೇಲ್ಪಟ್ಟದ್ದನ್ನು ನಗದಾಗಿ ಕೊಡುವಂತೆ ಯಾವ ವಕೀಲರೂ ಸಲಹೆ ಮಾಡಬಾರದು, ಅದು ಆದಾಯ ತೆರಿಗೆ ಕಾನೂನಿಗೆ ವಿರುದ್ಧ. ಕೃಷಿ ಭೂಮಿಯಲ್ಲದ ಸ್ವತ್ತಿನ ಬೆಲೆ 50 ಲಕ್ಷ ಮುಟ್ಟಿದರೆ ಶೇ 1ರಷ್ಟು ತೆರಿಗೆಯನ್ನು ಕೊಳ್ಳುವವರೇ ಹಿಡಿದು ಕಟ್ಟಬೇಕು. ಮಾರುವವರು ಅನಿವಾಸಿಯಾಗಿದ್ದರೆ ದರವೂ ಕ್ರಮವೂ ಬೇರೆ. ಅರ್ಧ ಕೊಡಗು ಹೊರದೇಶದಲ್ಲಿರುವ ಈ ಕಾಲದಲ್ಲಿ ಮಾರುವವರು ಈಗ ಎಲ್ಲಿ ವಾಸವಿದ್ದಾರೆಂಬುದನ್ನು ಮೊದಲೇ ವಿಚಾರಿಸಿಕೊಳ್ಳಬೇಕು.

ಪ್ರಶ್ನೆ: ಇಂಗ್ಲೆಂಡಿನಲ್ಲಿ ಉದ್ಯೋಗದಲ್ಲಿರುವ ಮಗಳು ಅಲ್ಲಿ ಮೊದಲ ಮನೆ ಕೊಳ್ಳುತ್ತಿದ್ದಾಳೆ. ಮನೆ ತೋರಿಸಿದ ಏಜೆಂಟರೇ ಸಾಲಿಸಿಟರ್ (ಅಲ್ಲಿನ ವಕೀಲರು) ಒಬ್ಬರನ್ನು ಸೂಚಿಸಿದ್ದಾರಂತೆ. ನಾನು ಇಲ್ಲಿಂದ ಸ್ವಲ್ಪ ಹಣ ಕಳಿಸಬೇಕೆಂದಿದ್ದೇನೆ, ನನ್ನ ಹೆಸರನ್ನೂ ಸೇರಿಸೋಣ ಎನ್ನುತ್ತಾಳೆ. ಗಮನಿಸಬೇಕಾದದ್ದೇನು?
— ಓದುಗರು, ಪೊನ್ನಂಪೇಟೆ

ಉತ್ತರ: ಹೆಸರು ಸೇರಿಸುವ ಮಾತನ್ನು ಅವಳ ಸಾಲಿಸಿಟರ್ ಲೆಕ್ಕ ಹಾಕಿ ಹೇಳುವವರೆಗೆ ತಡೆಹಿಡಿಯಿರಿ. ಅಲ್ಲಿನ ಮುದ್ರಾಂಕ ತೆರಿಗೆಯಲ್ಲಿ, ಜಂಟಿಯಾಗಿ ಕೊಳ್ಳುವವರಲ್ಲಿ ಒಬ್ಬರಿಗೆ ಜಗತ್ತಿನ ಯಾವ ಮೂಲೆಯಲ್ಲಾದರೂ ಬೇರೆ ಮನೆಯಿದ್ದರೆ ಹೆಚ್ಚುವರಿ ದರ ಬೀಳಬಹುದು. 2024ರ ಅಕ್ಟೋಬರ್ 31ರಿಂದ ಅದು ಶೇ 5. ಒಬ್ಬರು ಬ್ರಿಟನ್ನಿನ ನಿವಾಸಿಯಲ್ಲದಿದ್ದರೆ ಇನ್ನೂ ಶೇ 2. ಮೊದಲ ಮನೆಯೆಂಬ ಕಾರಣಕ್ಕೆ ಮಗಳಿಗೆ ಸಿಗುವ ರಿಯಾಯಿತಿಯೂ ತಪ್ಪಿಹೋಗುತ್ತದೆ. ಪೊನ್ನಂಪೇಟೆಯ ನಿಮ್ಮ ಮನೆ ಅಲ್ಲಿ ಅವಳಿಗೆ ಇಷ್ಟು ದುಬಾರಿಯಾಗಬೇಕಾಗಿಲ್ಲ. ಹಣವನ್ನು ಉಡುಗೊರೆಯಾಗಿ ಕೊಟ್ಟು ಹೆಸರನ್ನು ಅವಳದ್ದೇ ಇಡುವುದು ಸಾಮಾನ್ಯವಾಗಿ ಮೇಲು.

ಏಜೆಂಟರು ಸೂಚಿಸಿದವರನ್ನೇ ಇಟ್ಟುಕೊಳ್ಳಬೇಕೆಂಬ ಕಟ್ಟುಪಾಡು ಅಲ್ಲಿಯೂ ಇಲ್ಲ. ಹಾಗೆ ಸೂಚಿಸಿದ್ದಕ್ಕೆ ಸಾಲಿಸಿಟರ್ ಕಡೆಯಿಂದ ಏಜೆಂಟರಿಗೆ ಹಣ ಹೋಗುತ್ತಿದ್ದರೆ ಸಾಲಿಸಿಟರ್ ಅದನ್ನು ಕಕ್ಷಿದಾರರಿಗೆ ತಿಳಿಸಲೇಬೇಕು. ಇಂಗ್ಲೆಂಡ್ ಮತ್ತು ವೇಲ್ಸ್‌ನಲ್ಲಿ ಈ ಕೆಲಸ ಮಾಡುವವರು ಮುಖ್ಯವಾಗಿ ಎರಡು ಬಗೆ: ಸಾಲಿಸಿಟರ್ಸ್ ರೆಗ್ಯುಲೇಷನ್ ಅಥಾರಿಟಿಯ ನಿಯಂತ್ರಣದಲ್ಲಿರುವ ಸಾಲಿಸಿಟರುಗಳು, ಕೌನ್ಸಿಲ್ ಫಾರ್ ಲೈಸೆನ್ಸ್ಡ್ ಕನ್ವೇಯನ್ಸರ್ಸ್ ನಿಯಂತ್ರಣದಲ್ಲಿರುವ, ಆಸ್ತಿ ವರ್ಗಾವಣೆಯ ಪರಿಣತರಾದ ಕನ್ವೇಯನ್ಸರುಗಳು. ಇಬ್ಬರ ಹೆಸರನ್ನೂ ಆಯಾ ಸಂಸ್ಥೆಯ ಪಟ್ಟಿಯಲ್ಲಿ ಪರಿಶೀಲಿಸಬಹುದು. ನಮ್ಮಲ್ಲಿಗಿಂತ ಬೇರೆಯಾದ ಸಂಗತಿಯೆಂದರೆ, ಅಲ್ಲಿ ಕೊಳ್ಳುವವರ ಪರವಾದ ಸಾಲಿಸಿಟರರೇ ಸಾಲ ಕೊಡುವ ಬ್ಯಾಂಕಿನ ಕೆಲಸವನ್ನೂ ಮಾಡುವುದು ವಾಡಿಕೆ, ಆದರೆ ಅವರು ಕೊಳ್ಳುವವರಿಗೂ ನೇರವಾಗಿ ಹೊಣೆಗಾರರು. ಆದ್ದರಿಂದ ತನ್ನ ಬ್ಯಾಂಕಿನ ಪ್ಯಾನೆಲ್‌ನಲ್ಲಿ ಅವರಿದ್ದಾರೆಯೇ ಎಂದು ಮಗಳು ಕೇಳಿಕೊಳ್ಳಲಿ.

ಸ್ಥಳೀಯ ಆಡಳಿತ, ನೀರು-ಚರಂಡಿ, ಪರಿಸರ ಇವುಗಳ ಬಗ್ಗೆ ಶೋಧಗಳನ್ನು ತರಿಸಿ ಓದುವುದು ಸಾಲಿಸಿಟರ್ ಕೆಲಸ. ಅವರು ಮನೆಯನ್ನು ಕಣ್ಣಿನಿಂದ ನೋಡುವವರಲ್ಲ, ಗೋಡೆಯ ತೇವ, ಮಾಡಿನ ಸ್ಥಿತಿ ನೋಡಲು ಸರ್ವೇಯರರನ್ನು ಬೇರೆಯೇ ಗೊತ್ತು ಮಾಡಬೇಕು. ಫ್ಲ್ಯಾಟ್ ಆಗಿದ್ದರೆ ದೀರ್ಘಾವಧಿ ಗುತ್ತಿಗೆಯ ವರ್ಷಗಳು ಎಷ್ಟು ಉಳಿದಿವೆ, ವಾರ್ಷಿಕ ನಿರ್ವಹಣಾ ವೆಚ್ಚ ಎಷ್ಟು ಎಂದು ಕೇಳಲಿ. ಕರಾರುಗಳ ವಿನಿಮಯ ಆಗುವವರೆಗೆ ಎರಡೂ ಕಡೆಯವರು ಹಿಂದೆ ಸರಿಯಬಹುದು. ವಿನಿಮಯದ ದಿನ ಸಾಮಾನ್ಯವಾಗಿ ಶೇ 10 ಠೇವಣಿ ಕೊಟ್ಟ ಮೇಲೆ ಇಬ್ಬರೂ ಬದ್ಧರು. ಅಲ್ಲಿಯವರೆಗೆ ಇಲ್ಲಿ ನೆಂಟರಿಗೆಲ್ಲ ಸಿಹಿ ಹಂಚುವುದು ಬೇಡ.

ಹಣ ಕಳಿಸುವಾಗ ನಿಮ್ಮ ಬ್ಯಾಂಕಿನ ಮೂಲಕ, ರಿಸರ್ವ್ ಬ್ಯಾಂಕಿನ ಉದಾರೀಕೃತ ಹಣ ರವಾನೆ ಯೋಜನೆಯಡಿ ಒಬ್ಬರಿಗೆ ಒಂದು ಆರ್ಥಿಕ ವರ್ಷಕ್ಕೆ 2,50,000 ಡಾಲರ್ ಮಿತಿಯೊಳಗೆ ಕಳಿಸಬಹುದು. ಹಣದ ಮೂಲವನ್ನು ಅಲ್ಲಿನ ಸಾಲಿಸಿಟರ್ ಕೇಳಿಯೇ ಕೇಳುತ್ತಾರೆ. ಕಾಫಿ ಮಾರಿದ ಪಟ್ಟಿ, ಬ್ಯಾಂಕಿನ ವಿವರ, ಇದು ಉಡುಗೊರೆಯೆಂಬ ಪತ್ರ ಇವನ್ನು ಮೊದಲೇ ಜೋಡಿಸಿಡಿ. ಸಾಲಿಸಿಟರ್ ಹೆಸರಿನಲ್ಲಿ ‘ನಮ್ಮ ಖಾತೆ ಸಂಖ್ಯೆ ಬದಲಾಗಿದೆ’ ಎಂಬ ಇಮೇಲ್ ಬಂದರೆ ಅದನ್ನು ವಂಚನೆಯೆಂದೇ ತಿಳಿದು, ಮೊದಲಿನಿಂದ ಬಲ್ಲ ದೂರವಾಣಿ ಸಂಖ್ಯೆಗೆ ಕರೆಮಾಡಿ ಕೇಳದೆ ಒಂದು ಪೌಂಡನ್ನೂ ಕಳಿಸಬಾರದು.

ಪ್ರಶ್ನೆ: ತೋಟದ ನಡುವಿನ ಮನೆ. ದಾಖಲೆಗಳೆಲ್ಲ ಸರಿಯಿವೆ ಎಂದು ವಕೀಲರು ಬರೆದುಕೊಟ್ಟಿದ್ದಾರೆ. ಇನ್ನು ಧೈರ್ಯವಾಗಿ ಕೊಳ್ಳಬಹುದಲ್ಲವೇ?
— ಓದುಗರು, ಮಾದಾಪುರ

ಉತ್ತರ: ವಕೀಲರು ನೋಡಿದ್ದು ಕಾಗದ. ಮನೆಗೆ ಹೋಗುವ ದಾರಿ ಪಕ್ಕದವರ ತೋಟದೊಳಗಿಂದ ಹಾದುಹೋಗುತ್ತಿದ್ದರೆ ಆ ದಾರಿಯ ಹಕ್ಕು ಕ್ರಯಪತ್ರದಲ್ಲಿ ಬರೆದಿದೆಯೇ ಎಂದು ಅವರಿಗೆ ನೀವೇ ಹೇಳಿ ಕೇಳಬೇಕು. ಸ್ಥಳ ನೋಡದವರಿಗೆ ಅದು ಹೊಳೆಯುವುದಿಲ್ಲ. ಇಪ್ಪತ್ತು ವರ್ಷ ಅಡೆತಡೆಯಿಲ್ಲದೆ ಹಕ್ಕಾಗಿ ಓಡಾಡಿದ್ದರೆ ಕಾನೂನಿನಲ್ಲಿ ದಾರಿಯ ಹಕ್ಕು ಹುಟ್ಟುತ್ತದೆ, ಆದರೆ ಅದನ್ನು ಸಾಬೀತು ಮಾಡುವುದಕ್ಕಿಂತ ಪಕ್ಕದವರಿಂದ ಈಗಲೇ ನೋಂದಾಯಿತ ಪತ್ರ ಪಡೆಯುವುದು ಸುಲಭ. ಗೇಟು ಹಾಕಿ ಬೀಗ ಜಡಿದ ಮೇಲೆ ಮಾತುಕತೆ ಕಷ್ಟ. ನಿಮ್ಮ ಕಡೆಯ ಗುಡ್ಡಗಳು 2018ರ ಆಗಸ್ಟ್‌ನಲ್ಲಿ ಜರಿದದ್ದನ್ನು ನಿಮಗೆ ಹೇಳಬೇಕಾಗಿಲ್ಲ. ಮನೆಯ ಹಿಂದಿನ ಬರೆ (ಮಣ್ಣಿನ ದಿಬ್ಬ), ನೀರು ಹರಿದುಹೋಗುವ ದಾರಿ ಇವನ್ನು ತಿಳಿದವರಿಂದ ನೋಡಿಸಿ. ಯಾವ ಕಾನೂನು ಅಭಿಪ್ರಾಯದಲ್ಲೂ ಅದರ ಸುದ್ದಿ ಇರುವುದಿಲ್ಲ.

ಪ್ರಶ್ನೆ: ಎರಡು ವರ್ಷಗಳ ಹಿಂದೆ ಕರಾರಾಗಿ ಮುಂಗಡ ಕೊಟ್ಟಿದ್ದೇವೆ. ಮಾರುವವರು ದಿನ ತಳ್ಳುತ್ತಿದ್ದಾರೆ. ನಮ್ಮ ವಕೀಲರು ಫೋನಿಗೆ ಸಿಗುವುದಿಲ್ಲ, ಬಾಕಿ ಶುಲ್ಕ ಕೊಡುವವರೆಗೆ ಕರಾರಿನ ಮೂಲಪ್ರತಿ ಕೊಡುವುದಿಲ್ಲ ಎನ್ನುತ್ತಾರೆ. ಗ್ರಾಹಕರ ನ್ಯಾಯಾಲಯಕ್ಕೆ ಹೋಗಬಹುದೇ?
— ಓದುಗರು, ವಿರಾಜಪೇಟೆ

ಉತ್ತರ: ಗ್ರಾಹಕರ ಆಯೋಗದ ದಾರಿ ಮುಚ್ಚಿದೆ. ವಕೀಲರ ಸೇವೆ ಗ್ರಾಹಕ ಸಂರಕ್ಷಣಾ ಕಾಯ್ದೆಯ ವ್ಯಾಪ್ತಿಗೆ ಬರುವುದಿಲ್ಲವೆಂದು ಸುಪ್ರೀಂ ಕೋರ್ಟ್ 2024ರ ಮೇ ತಿಂಗಳಲ್ಲಿ ತೀರ್ಪಿತ್ತಿದೆ. ಆದರೆ ಶುಲ್ಕ ಬಾಕಿಯಿದೆಯೆಂದು ಕಕ್ಷಿದಾರರ ಕಾಗದಗಳನ್ನು ಹಿಡಿದಿಟ್ಟುಕೊಳ್ಳುವ ಹಕ್ಕು ವಕೀಲರಿಗಿಲ್ಲ, ಹಾಗೆ ಮಾಡುವುದು ವೃತ್ತಿ ದುರ್ನಡತೆಯಾಗುತ್ತದೆ ಎಂದು ಅದೇ ನ್ಯಾಯಾಲಯ 2000ದಲ್ಲಿ ಆರ್.ಡಿ. ಸಕ್ಸೇನಾ ಪ್ರಕರಣದಲ್ಲಿ ಸ್ಪಷ್ಟಪಡಿಸಿದೆ. ಬಾಕಿಯನ್ನು ಅವರು ಬೇರೆಯಾಗಿ ವಸೂಲು ಮಾಡಿಕೊಳ್ಳಬಹುದು.

ಮೊದಲು ಒಂದು ಸೌಜನ್ಯದ ಪತ್ರವನ್ನು ಸ್ಪೀಡ್ ಪೋಸ್ಟ್‌ನಲ್ಲಿ ಕಳಿಸಿ, ಕಾಗದಗಳನ್ನು ಇಂಥ ದಿನದೊಳಗೆ ಹಿಂದಿರುಗಿಸುವಂತೆ ಕೇಳಿ. ಒಂದೇ ಊರಿನಲ್ಲಿ ಮುಖ ನೋಡಿಕೊಂಡು ಬದುಕುವವರಾದ್ದರಿಂದ ಹಲವು ಬಾರಿ ವಕೀಲರ ಸಂಘದ ಹಿರಿಯರ ಒಂದು ಮಾತಿನಲ್ಲಿ ಇದು ಮುಗಿಯುತ್ತದೆ. ಮುಗಿಯದಿದ್ದರೆ 1961ರ ವಕೀಲರ ಕಾಯ್ದೆಯ 35ನೇ ಕಲಂ ಅಡಿ ಬೆಂಗಳೂರಿನಲ್ಲಿರುವ ಕರ್ನಾಟಕ ರಾಜ್ಯ ವಕೀಲರ ಪರಿಷತ್ತಿಗೆ ದೂರು ಕೊಡಬಹುದು. ಮುಂದೆ ಯಾವ ವಕೀಲರಿಗೇ ಆಗಲಿ ಮೂಲಪತ್ರ ಕೊಡುವಾಗ ಪಟ್ಟಿ ಮಾಡಿ ಸಹಿ ಪಡೆಯಿರಿ.

ನಿಮ್ಮ ಪತ್ರದಲ್ಲಿ ನನಗೆ ಹೆಚ್ಚು ಚಿಂತೆ ತಂದದ್ದು ವಕೀಲರ ವಿಷಯವಲ್ಲ, ‘ಎರಡು ವರ್ಷ’ ಎಂಬ ಮಾತು. ಕ್ರಯ ಮಾಡಿಕೊಡುವಂತೆ ದಾವೆ ಹೂಡಲು ಮೂರು ವರ್ಷಗಳ ಕಾಲಮಿತಿ ಇದೆ. ಕರಾರಿನಲ್ಲಿ ಕ್ರಯಕ್ಕೆ ದಿನಾಂಕ ಹೇಳಿದ್ದರೆ ಆ ದಿನದಿಂದ, ಹೇಳದಿದ್ದರೆ ಮಾರುವವರು ಒಪ್ಪುವುದಿಲ್ಲವೆಂದು ನಿಮಗೆ ತಿಳಿದ ದಿನದಿಂದ ಅದನ್ನು ಎಣಿಸುತ್ತಾರೆ. ಹಣ ಸಿದ್ಧವಿತ್ತು, ನೀವು ಕೊಳ್ಳಲು ಸದಾ ತಯಾರಿದ್ದಿರಿ ಎಂಬುದನ್ನೂ ತೋರಿಸಬೇಕಾಗುತ್ತದೆ. ಆದ್ದರಿಂದ ಕರಾರಿನ ನೆರಳಚ್ಚು ಇದ್ದರೆ ಅದನ್ನೇ ಹಿಡಿದುಕೊಂಡು ಈ ವಾರವೇ ಬೇರೊಬ್ಬ ವಕೀಲರನ್ನು ಕಂಡು, ಬಾಕಿ ಹಣ ಸಿದ್ಧವಿದೆ, ಕ್ರಯಪತ್ರ ಮಾಡಿಕೊಡಿ ಎಂದು ಮಾರುವವರಿಗೆ ನೋಟಿಸು ಕೊಡಿಸಿ. ಪರಿಷತ್ತಿನಲ್ಲಿ ದೂರು ನಡೆಯುತ್ತಿದೆ ಎಂಬ ಕಾರಣಕ್ಕೆ ಈ ಕಾಲಮಿತಿ ನಿಲ್ಲುವುದಿಲ್ಲ.